ಇದೆ, ಆದರೆ ಸಿಗುವುದಿಲ್ಲ: ಬೆಳೆಯುವ ಗ್ರಂಥರಾಶಿಯಲ್ಲಿ ಹುಡುಕುವ ವಿದ್ಯೆ

ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಹೆಸರಿನಲ್ಲಷ್ಟೇ ಉಳಿದಿದ್ದ ಗ್ರಂಥ. ಹಳೆಯ ಕವಿಗಳೂ ವ್ಯಾಖ್ಯಾನಕಾರರೂ ಅದನ್ನು ಪ್ರಸ್ತಾಪಿಸಿದ್ದರು. ಆದರೆ ಅದರ ಪೂರ್ಣ ಪಾಠ ಆಧುನಿಕ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ಮೈಸೂರಿನಲ್ಲಿ 1891ರಲ್ಲಿ ಆರಂಭವಾಗಿದ್ದ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಕೊಟ್ಟರು. ಗ್ರಂಥಲಿಪಿಯಲ್ಲಿದ್ದ ಆ ಕಟ್ಟನ್ನು ಬಿಚ್ಚಿ ಓದಿದ ಆರ್. ಶಾಮಾಶಾಸ್ತ್ರಿಗಳು ಅದು ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದರು. 1909ರಲ್ಲಿ ಗ್ರಂಥ ಅಚ್ಚಾಗಿ ಹೊರಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಅಲ್ಲಿಯವರೆಗೆ ಬರೆದಿದ್ದನ್ನೆಲ್ಲ ಮತ್ತೆ ಯೋಚಿಸಬೇಕಾಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಶೋಧನೆಯ ಕಥೆಯಾಗಿ ಹೇಳುತ್ತಾರೆ. ಇನ್ನೊಂದು ಬದಿಯಿಂದ ನೋಡಿದರೆ ಇದು ಕಳೆದುಹೋಗುವಿಕೆಯ ಕಥೆಯೂ ಹೌದು. ಆ ಪುಸ್ತಕ ಬೆಂಕಿಗೆ ಆಹುತಿಯಾಗಿರಲಿಲ್ಲ, ಗೆದ್ದಲಿಗೂ ಸಿಕ್ಕಿರಲಿಲ್ಲ. ಎಲ್ಲೋ ಒಂದು ಕಡೆ ಇದ್ದೇ ಇತ್ತು. ಅದು ಎಲ್ಲಿದೆ ಎಂಬುದು ಬೇಕಾದವರಿಗೆ ಗೊತ್ತಿರಲಿಲ್ಲ, ಅಷ್ಟೆ. ಹುಡುಕುವವನ ಪಾಲಿಗೆ ಸಿಗದ ಪುಸ್ತಕವೂ ಇಲ್ಲದ ಪುಸ್ತಕವೂ ಒಂದೇ.

ಹತ್ತು ಪುಸ್ತಕಗಳಿರುವ ಮನೆಯಲ್ಲಿ ಈ ಸಮಸ್ಯೆ ಇಲ್ಲ. ಸಾವಿರವಾದಾಗ ಒಂದು ಪಟ್ಟಿ ಬೇಕು. ಲಕ್ಷವಾದಾಗ ಆ ಪಟ್ಟಿಯನ್ನು ಹುಡುಕಲು ಇನ್ನೊಂದು ಪಟ್ಟಿ ಬೇಕು. ಸಂಗ್ರಹ ಬೆಳೆಯುತ್ತಲೇ ಇರುವಾಗ ಅದನ್ನು ಹೇಗೆ ಜೋಡಿಸಬೇಕು, ಅದರೊಳಗೆ ಹೇಗೆ ಹುಡುಕಬೇಕು? ಕಳೆದ ಒಂದೂವರೆ ಶತಮಾನದಲ್ಲಿ ಗ್ರಂಥಪಾಲಕರೂ ಗಣಿತ ಬಲ್ಲವರೂ ಕಂಪ್ಯೂಟರ್ ತಜ್ಞರೂ ಈ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ಬರೆದವರು ಬೆಂಗಳೂರಿನಲ್ಲಿ ನೆಲೆಸಿ ಇಲ್ಲಿಯೇ ಕಣ್ಣು ಮುಚ್ಚಿದರು.

ಕಪಾಟಿನಿಂದ ಸಂಖ್ಯೆಗೆ

ಹಳೆಯ ಕಾಲದ ಗ್ರಂಥಾಲಯಗಳಲ್ಲಿ ಪುಸ್ತಕದ ಸಂಖ್ಯೆ ಎಂದರೆ ಅದರ ಜಾಗದ ವಿಳಾಸ. ಇಷ್ಟನೆಯ ಕೋಣೆ, ಇಷ್ಟನೆಯ ಕಪಾಟು, ಇಷ್ಟನೆಯ ಅಂಕಣ ಎಂದು ಬರೆದಿಡುತ್ತಿದ್ದರು. ಸಂಗ್ರಹ ನಿಂತ ನೀರಿನಂತಿದ್ದರೆ ಈ ವ್ಯವಸ್ಥೆ ಸಾಕು. ಆದರೆ ಅಂಕಣ ತುಂಬಿದ ಮೇಲೆ ಅದೇ ವಿಷಯದ ಹೊಸ ಪುಸ್ತಕ ಬಂದರೆ ಅದನ್ನು ಬೇರೆಲ್ಲೋ ಇಡಬೇಕು, ಇಲ್ಲವೇ ಎಲ್ಲ ಪುಸ್ತಕಗಳ ಸಂಖ್ಯೆಯನ್ನೂ ಬದಲಿಸಬೇಕು.

ಇದಕ್ಕೆ ಅಮೆರಿಕದ ಆಮ್‌ಹರ್ಸ್ಟ್ ಕಾಲೇಜಿನ ಗ್ರಂಥಾಲಯದಲ್ಲಿದ್ದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಒಂದು ಪರಿಹಾರ ಪ್ರಕಟಿಸಿದರು. ಸಂಖ್ಯೆಯನ್ನು ಕಪಾಟಿಗೆ ಕೊಡದೆ ವಿಷಯಕ್ಕೆ ಕೊಡುವುದು ಅವರ ವಿಧಾನ. ಇಡೀ ಜ್ಞಾನವನ್ನು ಹತ್ತು ವರ್ಗಗಳಾಗಿ, ಪ್ರತಿ ವರ್ಗವನ್ನು ಮತ್ತೆ ಹತ್ತಾಗಿ ಒಡೆಯುತ್ತಾ ಹೋಗುವುದು. ಇಲ್ಲಿ ದಶಮಾಂಶ ಬಿಂದುವಿನ ಉಪಕಾರ ದೊಡ್ಡದು. 5 ಮತ್ತು 6ರ ನಡುವೆ 5.1, 5.2 ಎಂದು, ಅವುಗಳ ನಡುವೆ 5.11 ಎಂದು ಎಷ್ಟು ಬೇಕಾದರೂ ಹೊಸ ಸಂಖ್ಯೆಗಳನ್ನು ಸೇರಿಸಬಹುದು. ಪುಸ್ತಕ ಕೋಣೆ ಬದಲಿಸಿದರೂ ಸಂಖ್ಯೆ ಬದಲಾಗದು. ಬೆಳವಣಿಗೆಗೆ ಜಾಗ ಸಿಕ್ಕಿತು.

ಸಿಕ್ಕ ಜಾಗ ಮಾತ್ರ ಎಲ್ಲರಿಗೂ ಸಮನಾಗಿರಲಿಲ್ಲ. ಪಟ್ಟಿ ತಯಾರಿಸಿದವರ ಲೋಕ ಎಷ್ಟಿತ್ತೋ ಪಟ್ಟಿಯ ಲೋಕವೂ ಅಷ್ಟೇ ಇತ್ತು. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಚೊಕ್ಕ ಸಂಖ್ಯೆ ಇದೆ. ಕನ್ನಡ ಸಾಹಿತ್ಯ ಇರುವುದು 'ಇತರ ಭಾಷೆಗಳು' ಎಂಬ 890ರ ವರ್ಗದ ಒಳಕೋಣೆಯಲ್ಲಿ. ಅದರ ಸಂಖ್ಯೆ 894.814. ಧರ್ಮದ ವರ್ಗದಲ್ಲಿ ಹೆಚ್ಚಿನ ಜಾಗ ಕ್ರೈಸ್ತಮತಕ್ಕೆ ಹೋಗಿ, ಜಗತ್ತಿನ ಉಳಿದ ಧರ್ಮಗಳೆಲ್ಲ 290ರಲ್ಲಿ ಇಕ್ಕಟ್ಟಾಗಿ ಕುಳಿತವು. ಕಂಪ್ಯೂಟರ್ ಎಂಬ ಹೊಸ ಶಾಸ್ತ್ರಕ್ಕೆ ಸರಿಯಾದ ಮನೆ ಸಿಕ್ಕಿದ್ದು 1980ರ ದಶಕದಲ್ಲಿ, 004ರಿಂದ 006ರವರೆಗಿನ ಖಾಲಿ ಜಾಗದಲ್ಲಿ. ಮರದ ಕೊಂಬೆಗಳನ್ನು ಮೊದಲೇ ಎಣಿಸಿಟ್ಟರೆ ಆಮೇಲೆ ಚಿಗುರುವ ಕೊಂಬೆಗೆ ಹೆಸರಿರುವುದಿಲ್ಲ.

ಮಂಗಳೂರಿನ ಗಣಿತದ ಮೇಷ್ಟ್ರು

ಈ ತೊಡಕನ್ನು ಬುಡದಿಂದಲೇ ಬಿಡಿಸಲು ಹೊರಟವರು ಶಿಯಾಳಿ ರಾಮಾಮೃತ ರಂಗನಾಥನ್. ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಅವರು ಓದಿದ್ದು ಗಣಿತ. 1917ರಲ್ಲಿ ಕೆಲಸಕ್ಕೆ ಸೇರಿದ್ದು ಆಗ ಮದರಾಸು ಪ್ರಾಂತ್ಯದಲ್ಲಿದ್ದ ಮಂಗಳೂರಿನ ಸರ್ಕಾರಿ ಕಾಲೇಜಿಗೆ, ಗಣಿತದ ಅಧ್ಯಾಪಕರಾಗಿ. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ತರಗತಿಯ ಗದ್ದಲಕ್ಕೆ ಒಗ್ಗಿದ್ದವರಿಗೆ ಅಲ್ಲಿನ ಏಕಾಂತ ಸಹಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ಹಿಂದಿನ ಕೆಲಸಕ್ಕೆ ಕಳಿಸಿರೆಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಾಸ್ತ್ರ ಕಲಿತು ಬನ್ನಿ, ಆಮೇಲೆ ನೋಡೋಣ ಎಂಬ ಉತ್ತರ ಬಂತು.

ಆ ಪ್ರವಾಸ ಅವರ ಬದುಕನ್ನು ಬದಲಿಸಿತು. ಯೂನಿವರ್ಸಿಟಿ ಕಾಲೇಜಿನಲ್ಲಿ ಓದುತ್ತಾ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಸುತ್ತುತ್ತಾ, ಮೊದಲೇ ಎಣಿಸಿಟ್ಟ ವರ್ಗಗಳ ಕೊರತೆಯನ್ನು ಅವರು ಕಂಡರು. ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಮಕ್ಕಳ ಆಟಿಕೆ ಕಣ್ಣಿಗೆ ಬಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಕೆಲವೇ ಬಗೆಯ ತಗಡಿನ ಪಟ್ಟಿ, ಚಕ್ರ, ತಿರುಪುಗಳು. ಅವುಗಳನ್ನೇ ಬೇರೆ ಬೇರೆ ರೀತಿ ಜೋಡಿಸಿ ಸೇತುವೆ, ಬಂಡಿ, ಕ್ರೇನು ಏನನ್ನಾದರೂ ಮಾಡಬಹುದು. ವಿಷಯಗಳ ಪಟ್ಟಿಯನ್ನು ಸಿದ್ಧವಾಗಿ ಕೊಡುವ ಬದಲು ಬಿಡಿಭಾಗಗಳನ್ನು ಕೊಟ್ಟು ಜೋಡಿಸಲು ಹೇಳಬಾರದೇಕೆ?

1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ ಈ ಯೋಚನೆಯ ಫಲ. ಬಿಡಿಭಾಗಗಳನ್ನು ಜೋಡಿಸಲು ಬಳಸಿದ ದ್ವಿಬಿಂದುವಿನಿಂದಲೇ ಅದಕ್ಕೆ ಆ ಹೆಸರು ಬಂತು. ಉದಾಹರಣೆಗೆ 'ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗ' ಎಂಬ ಪುಸ್ತಕವನ್ನು ತೆಗೆದುಕೊಳ್ಳಬಹುದು. ಅಡಿಕೆ ಒಂದು ಮುಖ, ರೋಗ ಒಂದು ಮುಖ, ಮಲೆನಾಡು ಮತ್ತೊಂದು ಮುಖ. ನೂರು ಬೆಳೆಗಳು, ಐವತ್ತು ಸಮಸ್ಯೆಗಳು, ಇಪ್ಪತ್ತು ಪ್ರದೇಶಗಳಿವೆ ಎಂದುಕೊಂಡರೆ ಎಲ್ಲ ಜೋಡಣೆಗಳನ್ನೂ ಮೊದಲೇ ಬರೆದಿಡಲು 1,00,000 ಸಾಲುಗಳ ಪಟ್ಟಿ ಬೇಕು. ಮುಖಗಳಾಗಿ ಒಡೆದರೆ 100, 50, 20 ಸೇರಿ 170 ಸಾಲು ಸಾಕು. ಹೊಸ ರೋಗವೊಂದು ಬಂದರೆ ಒಂದೇ ಸಾಲು ಸೇರಿಸಿದರಾಯಿತು. ನೂರು ಬೆಳೆಗಳಿಗೂ ಇಪ್ಪತ್ತು ಪ್ರದೇಶಗಳಿಗೂ ಅದು ತಾನಾಗಿ ಹೊಂದಿಕೊಳ್ಳುತ್ತದೆ. ಮುಂದೆ ರಂಗನಾಥನ್ ಈ ಮುಖಗಳನ್ನೆಲ್ಲ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ತತ್ವಗಳಲ್ಲಿ ಅಡಕಗೊಳಿಸಿದರು.

ಇದಕ್ಕೂ ಮೊದಲು, 1931ರಲ್ಲಿ, ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ವಿವರಿಸುವ ಅವರ ಪುಸ್ತಕ ಬಂದಿತ್ತು. ಪುಸ್ತಕ ಇರುವುದು ಬಳಸುವುದಕ್ಕೆ; ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕು; ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು; ಓದುಗನ ಸಮಯ ಉಳಿಯಬೇಕು ಎಂಬುವು ಮೊದಲ ನಾಲ್ಕು. ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂಬುದು ಐದನೆಯದು. ಮೇಲ್ನೋಟಕ್ಕೆ ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಐದನೆಯ ಸೂತ್ರ ಉಳಿದ ನಾಲ್ಕನ್ನೂ ಕಷ್ಟಕ್ಕೆ ಸಿಕ್ಕಿಸುತ್ತದೆ. ಸಂಗ್ರಹ ಬೆಳೆದಂತೆಲ್ಲ ಓದುಗನಿಗೆ ತನ್ನ ಪುಸ್ತಕ ಸಿಗುವುದು ಕಠಿಣವಾಗುತ್ತದೆ, ಅವನ ಸಮಯ ಹೆಚ್ಚು ಹೋಗುತ್ತದೆ. ಬೆಳವಣಿಗೆಯನ್ನು ತಡೆಯದೆ ಉಳಿದ ನಾಲ್ಕನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಅವರು ಜೀವನವಿಡೀ ಬಿಡಿಸಲು ಯತ್ನಿಸಿದ ಲೆಕ್ಕ.

1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಂಗನಾಥನ್ ಅವರ ನೇತೃತ್ವದಲ್ಲಿ 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಲ್ಲಿ ಆರಂಭವಾಯಿತು. 1965ರಲ್ಲಿ ಕೇಂದ್ರ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು.

ಕ್ರಾನ್‌ಫೀಲ್ಡಿನ ಪರೀಕ್ಷೆ

ಅಷ್ಟರಲ್ಲಿ ಅವರ ವಿಚಾರ ಇಂಗ್ಲೆಂಡಿನಲ್ಲಿ ಬೇರೂರಿತ್ತು. 1952ರಲ್ಲಿ ಲಂಡನ್ನಿನಲ್ಲಿ ಕೂಡಿಕೊಂಡ ವರ್ಗೀಕರಣ ಸಂಶೋಧಕರ ತಂಡ, ಎಲ್ಲ ಬಗೆಯ ಮಾಹಿತಿ ಹುಡುಕಾಟಕ್ಕೂ ಮುಖಗಳ ವಿಶ್ಲೇಷಣೆಯೇ ತಳಹದಿಯಾಗಬೇಕೆಂದು 1955ರಲ್ಲಿ ಪ್ರತಿಪಾದಿಸಿತು. ತರ್ಕ ಚೆನ್ನಾಗಿತ್ತು. ಆದರೆ ಹುಡುಕಲು ಹೋದವನಿಗೆ ನಿಜವಾಗಿ ಹೆಚ್ಚು ಸಿಗುತ್ತದೆಯೇ? ಅದನ್ನು ಯಾರೂ ಅಳೆದು ನೋಡಿರಲಿಲ್ಲ.

ಅಳೆಯಲು ಮುಂದಾದವರು ಕ್ರಾನ್‌ಫೀಲ್ಡಿನ ವೈಮಾನಿಕ ಕಾಲೇಜಿನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್. ವಿಮಾನ ವಿಜ್ಞಾನಕ್ಕೆ ಸಂಬಂಧಿಸಿದ 18,000 ದಾಖಲೆಗಳನ್ನು ನಾಲ್ಕು ಬೇರೆ ಬೇರೆ ಪದ್ಧತಿಗಳಲ್ಲಿ ಸೂಚಿಗೊಳಿಸಿ, 1,200 ಪ್ರಶ್ನೆಗಳನ್ನು ಹಾಕಿ ಅವರ ತಂಡ ಪರೀಕ್ಷಿಸಿತು. ರಂಗನಾಥನ್ ತೋರಿಸಿದ ದಾರಿಯಲ್ಲಿ ರಚಿಸಿದ ಮುಖಗಳ ವರ್ಗೀಕರಣ ಅದರಲ್ಲೊಂದು. ಯಾವ ವರ್ಗವೂ ಇಲ್ಲದೆ ದಾಖಲೆಯಲ್ಲಿನ ಬಿಡಿ ಪದಗಳನ್ನೇ ಪಟ್ಟಿ ಮಾಡಿಕೊಳ್ಳುವ ಸರಳ ಪದ್ಧತಿ ಇನ್ನೊಂದು. 1962ರಲ್ಲಿ ಬಂದ ಫಲಿತಾಂಶ ಪಂಡಿತರನ್ನು ಬೆಚ್ಚಿಬೀಳಿಸಿತು. ನಾಲ್ಕೂ ಪದ್ಧತಿಗಳು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದವು. ಶೇ 74ರಿಂದ 82ರವರೆಗೆ ಬೇಕಾದ ದಾಖಲೆ ಸಿಕ್ಕಿತ್ತು. ತುದಿಯಲ್ಲಿದ್ದದ್ದು ಬಿಡಿ ಪದಗಳ ಪದ್ಧತಿ, ಕೊನೆಯಲ್ಲಿದ್ದದ್ದು ಮುಖಗಳ ವರ್ಗೀಕರಣ. ಪರೀಕ್ಷೆಯ ಕ್ರಮವೇ ಸರಿಯಿಲ್ಲವೆಂಬ ಟೀಕೆಗಳು ಬಂದವು. 1,400 ದಾಖಲೆಗಳನ್ನಿಟ್ಟುಕೊಂಡು ಮತ್ತೊಮ್ಮೆ ಇನ್ನಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗಲೂ ಬಿಡಿ ಪದಗಳೇ ಮೇಲುಗೈ ಪಡೆದವು.

ಕ್ರಾನ್‌ಫೀಲ್ಡಿನಿಂದ ಸಿಕ್ಕ ಇನ್ನೊಂದು ಪಾಠವೂ ಅಷ್ಟೇ ಮುಖ್ಯ. ಹುಡುಕಾಟದ ಯಶಸ್ಸಿಗೆ ಎರಡು ಅಳತೆಗಳಿವೆ. ಬೇಕಾದುದರಲ್ಲಿ ಎಷ್ಟು ಸಿಕ್ಕಿತು ಎಂಬುದು ಒಂದು. ಸಿಕ್ಕಿದ್ದರಲ್ಲಿ ಎಷ್ಟು ಬೇಕಾದದ್ದು ಎಂಬುದು ಇನ್ನೊಂದು. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ. ಸಣ್ಣ ಕಣ್ಣಿನ ಬಲೆ ಬೀಸಿದರೆ ಮೀನು ತಪ್ಪುವುದಿಲ್ಲ, ಆದರೆ ಕಸವೂ ಬರುತ್ತದೆ. ದೊಡ್ಡ ಕಣ್ಣಿನ ಬಲೆಯಲ್ಲಿ ಕಸ ಕಡಿಮೆ, ಮೀನೂ ಕಡಿಮೆ. ಸಂಗ್ರಹ ಬೆಳೆದಾಗ ಈ ಇಕ್ಕಟ್ಟು ತೀವ್ರವಾಗುತ್ತದೆ. ಒಂದು ಪ್ರಶ್ನೆಗೆ ನೂರಕ್ಕೊಂದು ದಾಖಲೆ ಹೊಂದುತ್ತದೆ ಎನ್ನೋಣ. ಸಾವಿರ ದಾಖಲೆಗಳಿದ್ದಾಗ ಹತ್ತು ಸಿಗುತ್ತವೆ, ಕುಳಿತು ಓದಬಹುದು. ಹತ್ತು ಲಕ್ಷ ದಾಖಲೆಗಳಿದ್ದಾಗ ಹತ್ತು ಸಾವಿರ ಸಿಗುತ್ತವೆ. ಅದೇ ಪದ್ಧತಿ, ಅದೇ ಪ್ರಶ್ನೆ. ಉಪಯೋಗ ಮಾತ್ರ ಶೂನ್ಯ.

ಪದಗಳನ್ನು ತೂಗುವ ತಕ್ಕಡಿ

ಹೀಗಿರುವಾಗ ಸಿಕ್ಕಿದ್ದನ್ನು ಕ್ರಮವಾಗಿ ಜೋಡಿಸುವುದು ಅಗತ್ಯವಾಯಿತು. ಪದಗಳನ್ನು ಎಣಿಸುವ ದಾರಿಯನ್ನು 1957-58ರಲ್ಲಿ ತೋರಿಸಿದವರು ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್: ದಾಖಲೆಯೊಂದರಲ್ಲಿ ಒಂದು ಪದ ಮತ್ತೆ ಮತ್ತೆ ಬಂದರೆ ಆ ದಾಖಲೆ ಅದರ ಬಗ್ಗೆಯೇ ಇರುವ ಸಂಭವ ಹೆಚ್ಚು. ಇದರ ಇನ್ನೊಂದು ಅರ್ಧವನ್ನು 1972ರಲ್ಲಿ, ರಂಗನಾಥನ್ ತೀರಿಕೊಂಡ ವರ್ಷವೇ, ಕೇಂಬ್ರಿಡ್ಜಿನ ಕರೆನ್ ಸ್ಪಾರ್ಕ್ ಜೋನ್ಸ್ ಸೇರಿಸಿದರು. ಎಲ್ಲ ದಾಖಲೆಗಳಲ್ಲೂ ಬರುವ ಪದಕ್ಕೆ ಬೆಲೆ ಕಡಿಮೆ, ಕೆಲವೇ ದಾಖಲೆಗಳಲ್ಲಿ ಬರುವ ಪದಕ್ಕೆ ಬೆಲೆ ಹೆಚ್ಚು. ಕೃಷಿ ಕುರಿತ ಸಂಗ್ರಹದಲ್ಲಿ 'ಬೆಳೆ' ಎಂಬ ಪದದಿಂದ ಏನೂ ತಿಳಿಯದು, 'ಕೊಳೆರೋಗ' ಎಂಬ ಪದ ನೇರ ತೋಟಕ್ಕೇ ಕರೆದೊಯ್ಯುತ್ತದೆ. ಇಷ್ಟು ಸರಳವಾದ ಈ ಸೂತ್ರ ಅರ್ಧ ಶತಮಾನದಿಂದ ಹುಡುಕಾಟದ ಯಂತ್ರಗಳ ಒಳಗೆ ಕೆಲಸ ಮಾಡುತ್ತಾ ಬಂದಿದೆ.

ಈ ತಕ್ಕಡಿಯ ವಿಶೇಷವೆಂದರೆ ಅದಕ್ಕೆ ವರ್ಗೀಕರಿಸುವ ಪಂಡಿತ ಬೇಕಿಲ್ಲ. ಹೊಸ ದಾಖಲೆ ಬಂದೊಡನೆ ಲೆಕ್ಕ ತಾನಾಗಿ ಬದಲಾಗುತ್ತದೆ. 1998ರಲ್ಲಿ ಸ್ಟ್ಯಾನ್‌ಫರ್ಡಿನ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಗೂಗಲ್‌ನಲ್ಲಿ ಇನ್ನೊಂದು ತೂಕದ ಕಲ್ಲನ್ನು ಸೇರಿಸಿದರು. ಒಂದು ಪುಟವನ್ನು ಬೇರೆ ಎಷ್ಟು ಪುಟಗಳು, ಎಂತಹ ಪುಟಗಳು ತೋರಿಸಿಕೊಡುತ್ತವೆ ಎಂಬುದರ ಮೇಲೆ ಅದರ ಸ್ಥಾನ ನಿರ್ಧಾರವಾಗತೊಡಗಿತು. ಸಂಗ್ರಹ ಬೆಳೆದಷ್ಟೂ ಈ ಲೆಕ್ಕಕ್ಕೆ ಹೆಚ್ಚು ಸಾಕ್ಷ್ಯ ಸಿಗುತ್ತದೆ. ಬೆಳವಣಿಗೆಯೇ ಇಲ್ಲಿ ಬಲವಾಯಿತು.

ಕಾಣದೇ ಉಳಿದದ್ದು

ಹಾಗಾದರೆ ಯಂತ್ರ ಗೆದ್ದಿತೇ? 1985ರಲ್ಲಿ ಡೇವಿಡ್ ಬ್ಲೇರ್ ಮತ್ತು ಎಂ. ಇ. ಮರಾನ್ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇದಕ್ಕೆ ಎಚ್ಚರಿಕೆಯ ಉತ್ತರ ಕೊಟ್ಟಿತು. ದೊಡ್ಡ ಮೊಕದ್ದಮೆಯೊಂದಕ್ಕೆ ಸಂಬಂಧಿಸಿದ ಸುಮಾರು 40,000 ದಾಖಲೆಗಳು, ಅಂದರೆ ಸುಮಾರು ಮೂರೂವರೆ ಲಕ್ಷ ಪುಟಗಳು, ಕಂಪ್ಯೂಟರಿನಲ್ಲಿದ್ದವು. ಅವುಗಳಲ್ಲಿನ ಪ್ರತಿ ಪದವನ್ನೂ ಹುಡುಕಬಹುದಿತ್ತು. ತಮಗೆ ಬೇಕಾದ ದಾಖಲೆಗಳಲ್ಲಿ ಮುಕ್ಕಾಲು ಪಾಲಾದರೂ ಸಿಕ್ಕಿವೆ ಎಂದು ವಕೀಲರು ನಂಬಿದ್ದರು. ಪರಿಶೀಲಿಸಿ ನೋಡಿದರೆ ಸಿಕ್ಕಿದ್ದು ಸುಮಾರು ಐದರಲ್ಲಿ ಒಂದು ಪಾಲು. ಕಾರಣ ಬಹಳ ಮಾನುಷವಾದದ್ದು. ಒಂದು ಪಕ್ಷದವರು 'ಅಪಘಾತ' ಎಂದು ಬರೆದದ್ದನ್ನು ಇನ್ನೊಂದು ಪಕ್ಷದವರು 'ಘಟನೆ', 'ಸನ್ನಿವೇಶ', 'ಸಮಸ್ಯೆ' ಎಂದೆಲ್ಲ ಬರೆದಿದ್ದರು.

ವಕೀಲರು ತಪ್ಪಿದ್ದು ಹುಡುಕುವುದರಲ್ಲಷ್ಟೇ ಅಲ್ಲ. ತಮಗೆ ಸಿಗದೇ ಉಳಿದದ್ದು ಎಷ್ಟೆಂಬುದರ ಸುಳಿವೂ ಅವರಿಗಿರಲಿಲ್ಲ. ಸಿಕ್ಕಿದ ಪಟ್ಟಿ ಕಣ್ಣಿಗೆ ಕಾಣುತ್ತದೆ. ಸಿಗದ ಪಟ್ಟಿ ಕಾಣುವುದಿಲ್ಲ. ಬೆಳೆಯುವ ಸಂಗ್ರಹದ ನಿಜವಾದ ಅಪಾಯ ಇದು. ಅಡಿಕೆ ಬೆಳೆಗಾರನ ವಿಷಯಕ್ಕೇ ಬಂದರೆ, ಕೊಳೆರೋಗಕ್ಕೆ ಮಹಾಳಿ ಎಂಬ ಹೆಸರೂ ಇದೆ. ಒಂದು ಹೆಸರಿನಲ್ಲಿ ಹುಡುಕಿದವನಿಗೆ ಇನ್ನೊಂದು ಹೆಸರಿನ ಲೇಖನಗಳಿವೆ ಎಂದು ಬಿಡಿ ಪದಗಳ ಯಂತ್ರ ಹೇಳುವುದಿಲ್ಲ. ಎರಡೂ ಒಂದೇ ಎಂದು ಬಲ್ಲ ಗ್ರಂಥಪಾಲಕ ಒಂದೇ ಸಂಖ್ಯೆಯಡಿ ಇಡುತ್ತಿದ್ದ. ಪದಗಳ ಅರ್ಥಸಾಮೀಪ್ಯವನ್ನೇ ಲೆಕ್ಕಹಾಕುವ ಇತ್ತೀಚಿನ ಕಂಪ್ಯೂಟರ್ ವಿಧಾನಗಳು ಹೊರಟಿರುವುದು ಈ ಕೊರತೆಯನ್ನು ತುಂಬುವುದಕ್ಕೇ.

ರಂಗನಾಥನ್ ಅವರ ಮುಖಗಳೂ ಮರೆಯಾಗಲಿಲ್ಲ. ಕೋಲನ್ ವರ್ಗೀಕರಣದ ಉದ್ದುದ್ದ ಸಂಖ್ಯೆಗಳು ಹೆಚ್ಚಿನ ಗ್ರಂಥಾಲಯಗಳಿಗೆ ಹಿಡಿಸಲಿಲ್ಲ. ಭಾರತದಲ್ಲೂ ಡ್ಯೂಯಿಯ ಪದ್ಧತಿಯೇ ಹೆಚ್ಚು ಚಲಾವಣೆಯಲ್ಲಿ ಉಳಿಯಿತು. ಆದರೆ ಮೊಬೈಲಿನಲ್ಲಿ ಸೀರೆ ಕೊಳ್ಳುವವರು ಬಣ್ಣ, ಬೆಲೆ, ನೂಲು ಎಂದು ಒಂದೊಂದಾಗಿ ಗುರುತು ಹಾಕುತ್ತಾ ಸಾವಿರಾರು ಸೀರೆಗಳನ್ನು ಹತ್ತಕ್ಕೆ ಇಳಿಸುವಾಗ ಬಳಸುವುದು ಅದೇ ತತ್ವವನ್ನು.

ಕನ್ನಡದ ಲೆಕ್ಕ

ಕನ್ನಡದ ಮಟ್ಟಿಗೆ ಈ ಇತಿಹಾಸ ಇನ್ನೂ ಮುಗಿದಿಲ್ಲ. ಪದಗಳನ್ನು ಎಣಿಸುವ ವಿದ್ಯೆ ಹುಟ್ಟಿ ಬೆಳೆದದ್ದು ಇಂಗ್ಲಿಷಿನ ಮೇಲೆ. ಇಂಗ್ಲಿಷಿನ ಪದ ವಾಕ್ಯದಲ್ಲಿ ಹೆಚ್ಚು ರೂಪ ಬದಲಿಸುವುದಿಲ್ಲ. ಕನ್ನಡದ 'ಕೆರೆ' ಮಾತ್ರ ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳಿಂದ, ಕೆರೆಯನ್ನೂ ಎಂದು ಹತ್ತಾರು ವೇಷ ತೊಡುತ್ತದೆ. ಪ್ರತ್ಯಯ ಬಿಡಿಸಲು ಕಲಿಸದಿದ್ದರೆ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಆಗ ಸಾಮಾನ್ಯ ಪದವೂ ಅಪರೂಪದ್ದೆಂದು ತೋರಿ ತಕ್ಕಡಿಯೇ ತಪ್ಪು ತೂಗುತ್ತದೆ. ಇದಲ್ಲದೆ, 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ, ಅದರ ನಂತರವೂ ವರ್ಷಗಟ್ಟಲೆ ಕನ್ನಡದ ಕಡತಗಳು ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರವಿನ್ಯಾಸದಲ್ಲಿ ತಯಾರಾದವು. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಗುರುತುಗಳು.

ಹಳೆಯ ಪುಸ್ತಕ, ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಇಟ್ಟರೆ ಅವು ಉಳಿಯುತ್ತವೆ ನಿಜ. ಆದರೆ ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದಲಾರದಿದ್ದರೆ, ಯಾರೂ ಅದಕ್ಕೆ ವಿಷಯದ ಗುರುತು ಹಚ್ಚದಿದ್ದರೆ, ಅದು ಬಿಚ್ಚದ ತಾಳೆಗರಿಯ ಕಟ್ಟಿನ ಹಾಗೆಯೇ. ಕೂಡಿಡುವುದು ಅರ್ಧ ಕೆಲಸ. ಉಳಿದರ್ಧ, ನಾಳೆ ಯಾರು ಯಾವ ಹೆಸರಿನಲ್ಲಿ ಕೇಳಿಕೊಂಡು ಬಂದಾರು ಎಂದು ಇಂದೇ ಯೋಚಿಸಿ ಸೂಚಿ ಮಾಡುವುದು. ಗ್ರಂಥಾಲಯ ಬೆಳೆಯುವ ಜೀವಿಯಾದರೆ ಸೂಚಿಯೂ ಅದರ ಜೊತೆಗೇ ಬೆಳೆಯಬೇಕು. ಐದನೆಯ ಸೂತ್ರ ಪ್ರತಿ ತಲೆಮಾರಿನಿಂದಲೂ ಕೇಳುವ ಕೆಲಸ ಅದು.